ಗಡಿಯಲ್ಲಿ ನಿಂತ ತೋತಾಪುರಿ ಮತ್ತು ನಿಮ್ಮ ಭಾಷಣ: ಮತ ಕೇಳಲು ಬರುವವರಿಗೆ ಬಹಿರಂಗ ಪತ್ರ

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಶಾಸಕರಿಗೆ, ಸಂಸದರಿಗೆ, ಆ ಸ್ಥಾನಗಳಿಗೆ ಟಿಕೆಟ್ ಕೇಳುತ್ತಿರುವ ಎಲ್ಲ ಪಕ್ಷದವರಿಗೆ,

ಮಾನ್ಯರೇ,

2025ರ ಜೂನ್ ಮೊದಲ ವಾರದಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವು ತನ್ನ ಗಡಿಯೊಳಗೆ ಬರಕೂಡದು ಎಂದು ಆದೇಶ ಹೊರಡಿಸಿತು. ಚೆಕ್‌ಪೋಸ್ಟ್‌ಗಳಲ್ಲಿ ಲಾರಿಗಳು ನಿಂತವು. ಶ್ರೀನಿವಾಸಪುರದಲ್ಲಿ ಬಂದ್ ಆಯಿತು. ನಮ್ಮ ಮುಖ್ಯಮಂತ್ರಿ ಅಲ್ಲಿನ ಮುಖ್ಯಮಂತ್ರಿಗೆ ಪತ್ರ ಬರೆದರು. ಆಂಧ್ರದವರು ನಮ್ಮ ಹೊಟ್ಟೆಯ ಮೇಲೆ ಹೊಡೆದರು ಎಂಬ ಮಾತು ಇಲ್ಲಿ ಹಬ್ಬಿತು, ಕರ್ನಾಟಕದ ಹಣ್ಣು ನಮ್ಮ ಬೆಲೆ ಕೆಡಿಸುತ್ತಿದೆ ಎಂಬ ಮಾತು ಅಲ್ಲಿ ಹಬ್ಬಿತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯೊಳಗೆ ತೆಲುಗು, ಪೇಟೆಯಲ್ಲಿ ಕನ್ನಡ ಮಾತಾಡುವ ಸಂಸಾರಗಳು ಎಷ್ಟೋ ಇವೆ. ಗಡಿಯ ಆಚೆಗೆ ಹೆಣ್ಣು ಕೊಟ್ಟು ತಂದವರು ಇವರು. ಹದಿನೈದು ದಿನ ಇವರಿಗೂ ಶತ್ರು ಯಾರೆಂದು ಹೇಳಿಕೊಡಲಾಯಿತು.

ಬೆಲೆ ಯಾಕೆ ಬಿತ್ತು ಎಂಬುದನ್ನು ಮಾತ್ರ ಯಾವ ವೇದಿಕೆಯಿಂದಲೂ ಸರಿಯಾಗಿ ಹೇಳಲಿಲ್ಲ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇವೆ.

ತೋತಾಪುರಿಯನ್ನು ಮನೆಗೆ ಕೊಂಡೊಯ್ದು ತಿನ್ನುವವರು ಕಡಿಮೆ, ಅದು ತಿರುಳಿನ ಹಣ್ಣು. ಕೋಲಾರದ ಕಾಯಿಯಲ್ಲಿ ದೊಡ್ಡ ಪಾಲು ಚಿತ್ತೂರು ಮತ್ತು ತಮಿಳುನಾಡಿನ ಕೃಷ್ಣಗಿರಿಯ ಪಲ್ಪ್ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಕಾಯನ್ನು ಹಣ್ಣು ಮಾಡಿ, ತೊಳೆದು, ಓಟೆ ತೆಗೆದು, ತಿರುಳನ್ನು ಸೋಸಿ, ಕಾಯಿಸಿ, ಗಾಳಿ ತಾಗದ ಚೀಲಕ್ಕೆ ತುಂಬಿ 215 ಕಿಲೋ ಡ್ರಮ್ಮಿನಲ್ಲಿ ಇಡುತ್ತಾರೆ. ಒಂದು ಟನ್ ತಿರುಳಿಗೆ ಹತ್ತಿರ ಹತ್ತಿರ ಎರಡು ಟನ್ ಹಣ್ಣು ಬೇಕು. ಆ ಡ್ರಮ್ಮು ಒಂದೂವರೆ ಎರಡು ವರ್ಷ ಕೆಡುವುದಿಲ್ಲ. ಮರದಲ್ಲಿ ಬಲಿತ ಕಾಯಿ ಒಂದು ವಾರವೂ ಕಾಯುವುದಿಲ್ಲ. ವ್ಯವಹಾರದ ಗುಟ್ಟೆಲ್ಲ ಇಷ್ಟರಲ್ಲೇ ಇದೆ. ಕೊಲ್ಲಿ ದೇಶಗಳ, ಯುರೋಪಿನ ಖರೀದಿದಾರ ಆರ್ಡರ್ ಮುಂದಕ್ಕೆ ಹಾಕಿದರೆ ಡ್ರಮ್ಮು ಗೋದಾಮಿನಲ್ಲೇ ಉಳಿಯುತ್ತದೆ. ಡ್ರಮ್ಮಿನ ಮೇಲೆ ತೆಗೆದ ಬ್ಯಾಂಕ್ ಸಾಲ ತೀರುವುದಿಲ್ಲ, ಹೊಸ ಸಾಲ ಹುಟ್ಟುವುದಿಲ್ಲ. ಮುಂದಿನ ಮೇ ತಿಂಗಳಲ್ಲಿ ಕಾರ್ಖಾನೆ ತಡವಾಗಿ ಶುರುವಾಗುತ್ತದೆ, ಕಡಿಮೆ ಕೊಳ್ಳುತ್ತದೆ. ಅದೇ ವರ್ಷ ಫಸಲು ಚೆನ್ನಾಗಿ ಬಂದಿದ್ದರೆ ರೈತನ ಕಥೆ ಮುಗಿಯಿತು.

2025ರಲ್ಲಿ ಆದದ್ದು ಇದೇ. ಹಳೆಯ ತಿರುಳು ಉಳಿದಿತ್ತು, ಹೊಸ ಕಾಯಿ ರಾಶಿ ಬಿತ್ತು. ಆಂಧ್ರ ಸರ್ಕಾರ ತನ್ನ ರೈತರಿಗೆ ಕಿಲೋಗೆ 12 ರೂ. ಸಿಗಬೇಕೆಂದು ಗೊತ್ತುಮಾಡಿತು: ಕಾರ್ಖಾನೆಯಿಂದ 8 ರೂ., ಸರ್ಕಾರದಿಂದ 4 ರೂ. ಎಂಟು ರೂಪಾಯಿ ಕೊಡಲು ಮನಸ್ಸಿಲ್ಲದ ಕಾರ್ಖಾನೆಯ ಗೇಟಿನಲ್ಲಿ ಅದಕ್ಕಿಂತ ಅಗ್ಗದ ಕೋಲಾರದ ಲಾರಿ ನಿಂತಿದ್ದರೆ ಆ ದರ ಉಳಿಯುವುದಿಲ್ಲ. ಕಾರ್ಖಾನೆಯ ಮೇಲೆ ಕೈಮಾಡುವುದಕ್ಕಿಂತ ಗಡಿ ಮುಚ್ಚುವುದು ಸುಲಭ ಎನಿಸಿತು. ಒಂದು ಜಿಲ್ಲೆಯ ರೈತನನ್ನು ಉಳಿಸಲು ಪಕ್ಕದ ಜಿಲ್ಲೆಯ ರೈತನನ್ನು ನೂಕಿದರು. ಉಳಿದ ತಿರುಳು ಯಾರ ಗೋದಾಮಿನಲ್ಲಿ ಎಷ್ಟು ಟನ್ ಇದೆ ಎಂಬ ಪಟ್ಟಿಯನ್ನು ಎರಡೂ ಸರ್ಕಾರಗಳು ರೈತರ ಮುಂದೆ ಇಡಲಿಲ್ಲ.

ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕರ್ನಾಟಕದ 2.5 ಲಕ್ಷ ಟನ್ ಮಾವಿಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಕ್ವಿಂಟಲ್‌ಗೆ 1,616 ರೂ. ಆಧಾರ ಬೆಲೆ, ಕಿಲೋಗೆ ಸುಮಾರು 4 ರೂ. ಪರಿಹಾರ, ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಒಳ್ಳೆಯ ಯೋಜನೆ. ಆದರೆ ಒಪ್ಪಿಗೆ ಸಿಗುವ ಹೊತ್ತಿಗೆ ಜೂನ್ ಕೊನೆಗೆ ಬಂದಿತ್ತು, ಕಾಯಿಯಲ್ಲಿ ಒಂದು ಭಾಗ ಆಗಲೇ ಕೈಬಿಟ್ಟು ಹೋಗಿತ್ತು. ಇಂಥ ಯೋಜನೆಗಳು ಸೋರುವ ಜಾಗಗಳೂ ಗೊತ್ತಿರುವಂಥವೇ. ತೋಟದ ಬಾಗಿಲಲ್ಲೇ ಮಾರಿದವನ ಕೈಯಲ್ಲಿ ಎಪಿಎಂಸಿ ರಸೀದಿ ಇರುವುದಿಲ್ಲ. ಬೆಳೆ ಸಮೀಕ್ಷೆಯಲ್ಲಿ ಮಾವಿನ ಬದಲು ರಾಗಿ ಎಂದೋ ಬೀಳು ಎಂದೋ ನಮೂದಾಗಿದ್ದರೆ ರೈತರ ನೋಂದಣಿಗೆಂದು ಸರ್ಕಾರ ಮಾಡಿದ ಫ್ರೂಟ್ಸ್ ತಂತ್ರಾಂಶ ಅರ್ಜಿಯನ್ನೇ ಒಪ್ಪುವುದಿಲ್ಲ. ತೀರಿಕೊಂಡ ತಂದೆಯ ಹೆಸರಲ್ಲೇ ಪಹಣಿ ಉಳಿದು ಪೌತಿ ಖಾತೆ (ವಾರಸುದಾರರ ಹೆಸರಿಗೆ ವರ್ಗ) ಆಗದಿದ್ದರೆ ಅಣ್ಣತಮ್ಮಂದಿರ ಸಹಿ ಬೇಕು. ಎಲ್ಲಕ್ಕಿಂತ ದೊಡ್ಡ ತೂತು ಫಸಲು ಗುತ್ತಿಗೆ. ಹೂವು ಬಿಟ್ಟಾಗಲೇ ತೋಟವನ್ನು ವ್ಯಾಪಾರಿಗೆ ಕೊಟ್ಟಿದ್ದರೆ ನಷ್ಟ ಒಬ್ಬನದು, ಪರಿಹಾರ ಬರುವ ಖಾತೆ ಇನ್ನೊಬ್ಬನದು. ಅದನ್ನು ಹಂಚಿಕೊಳ್ಳಲು ಬರಹದಲ್ಲಿ ಏನೂ ಇರುವುದಿಲ್ಲ.

ಈ ಗುತ್ತಿಗೆ ವ್ಯಾಪಾರಿಗಳಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. 2022ರ ಏಪ್ರಿಲ್‌ನಲ್ಲಿ, ಸರಿಯಾಗಿ ಮಾವಿನ ಹಂಗಾಮಿನ ಹೊಸ್ತಿಲಲ್ಲಿ, ಹಣ್ಣಿನ ವ್ಯಾಪಾರದಿಂದ ಅವರನ್ನು ದೂರ ಇಡಬೇಕೆಂಬ ಕರೆ ರಾಜ್ಯದಲ್ಲಿ ಎದ್ದಿತ್ತು. ಹೂವಿನ ಹೊತ್ತಿಗೆ ಮುಂಗಡ ಕೊಡುವ, ಔಷಧಿಯ ಖರ್ಚು ಹೊರುವ, ಕಾಯಿ ಇಳಿಸುವ ಆಳು ತರುವ, ದೂರದ ಮಂಡಿಯಲ್ಲಿ ಸಾಲ ಹುಟ್ಟಿಸಬಲ್ಲ ಇನ್ನೊಬ್ಬ ಖರೀದಿದಾರ ಎಲ್ಲಿದ್ದಾನೆ ಎಂದು ಕರೆ ಕೊಟ್ಟವರು ತೋರಿಸಲಿಲ್ಲ. ಕೊಳ್ಳುವವರ ಸಂಖ್ಯೆ ಕಡಿಮೆಯಾದರೆ ಹರಾಜಿನಲ್ಲಿ ದರ ಏರುವುದಿಲ್ಲ, ಇದಕ್ಕೆ ಅರ್ಥಶಾಸ್ತ್ರ ಓದಬೇಕಿಲ್ಲ.

ಪೆಟ್ಟು ನಿಜ, ಸಿಟ್ಟೂ ನಿಜ. ಆದರೆ ಪೆಟ್ಟು ಬಂದ ದಾರಿಯನ್ನು ಮುಚ್ಚಿಟ್ಟು, ‘ಜನ’ ಎಂದರೆ ಒಂದೇ ಮೈ ಒಂದೇ ಮನಸ್ಸು ಎಂದು ಹೇಳಿ, ಅವರೆದುರಿಗೆ ಒಬ್ಬ ವೈರಿಯನ್ನು ನಿಲ್ಲಿಸಿ, ನಡುವೆ ನಾನೊಬ್ಬನೇ ರಕ್ಷಕ ಎಂದು ನೀವು ನಿಲ್ಲುತ್ತೀರಿ. ಈ ಪತ್ರ ಆ ರಾಜಕಾರಣದ ಬಗ್ಗೆ. ಗ್ಯಾರಂಟಿ ಯೋಜನೆಗಳ ಬಗ್ಗೆ ಅಲ್ಲ. ಅಕ್ಕಿಗೂ ಬಸ್ಸಿಗೂ ಎರಡು ಸಾವಿರ ರೂಪಾಯಿಗೂ ಬಜೆಟ್ಟಿನಲ್ಲಿ ಒಂದು ಸಾಲು ಇರುತ್ತದೆ, ಬೇಕು ಬೇಡ ಎಂದು ವಾದ ಮಾಡಬಹುದು. ವೈರಿಯ ಹೆಸರಿಗೆ ಬಜೆಟ್ ಸಾಲು ಇರುವುದಿಲ್ಲ.

ಇದು ನಮ್ಮ ಜಿಲ್ಲೆಗಳಲ್ಲಿ ಹುಟ್ಟಿದ ರೋಗವೇನಲ್ಲ. 1870ರಿಂದ 2014ರವರೆಗೆ 20 ಮುಂದುವರಿದ ದೇಶಗಳ ಚುನಾವಣೆಗಳನ್ನು ಜರ್ಮನಿಯ ಅರ್ಥಶಾಸ್ತ್ರಜ್ಞರು ಒಟ್ಟಿಗಿಟ್ಟು ನೋಡಿದ್ದಾರೆ. ಹಣಕಾಸು ಬಿಕ್ಕಟ್ಟು ಬಂದ ನಂತರದ ವರ್ಷಗಳಲ್ಲಿ ಕಡು ಬಲಪಂಥೀಯ ಪಕ್ಷಗಳ ಮತ ಸರಾಸರಿ ಶೇ 30ರಷ್ಟು ಬೆಳೆದಿತ್ತು. ಸಾಮಾನ್ಯ ಆರ್ಥಿಕ ಹಿಂಜರಿತದ ನಂತರ ಹಾಗಾಗಲಿಲ್ಲ. ಎರಡರಲ್ಲೂ ಕೆಲಸ ಹೋಗುತ್ತದೆ, ಸಾಲ ಏರುತ್ತದೆ. ಮೊದಲನೆಯದರಲ್ಲಿ ಮಾತ್ರ ಯಾರೋ ದೊಡ್ಡವರು ತಪ್ಪು ಮಾಡಿ ತಪ್ಪಿಸಿಕೊಂಡರು, ಬೆಲೆ ನಾವು ತೆತ್ತೆವು ಎಂಬ ಭಾವನೆ ಉಳಿಯುತ್ತದೆ ಎಂಬುದು ನಮ್ಮ ಓದು. 2008ರಲ್ಲಿ ಬ್ಯಾಂಕುಗಳನ್ನು ಉಳಿಸಿ ಮನೆ ಕಳೆದುಕೊಂಡವರನ್ನು ಬಿಟ್ಟ ಅಮೆರಿಕದಲ್ಲಿ 2016ರಲ್ಲಿ ಟ್ರಂಪ್ ಗೆದ್ದದ್ದನ್ನು ನೋಡಿದ್ದೇವೆ. ಅದೇ ವರ್ಷ ಬ್ರಿಟನ್ನಿನಲ್ಲಿ ಶೇ 51.9ರಷ್ಟು ಜನ ಯುರೋಪ್ ಒಕ್ಕೂಟ ಬಿಡಲು ಮತ ಹಾಕಿದರು. ಹಳೆಯ ಕಾರ್ಖಾನೆ ಊರುಗಳು, ಚೀನಾದ ಆಮದಿಗೆ ಹೆಚ್ಚು ಪೆಟ್ಟು ತಿಂದ ಪ್ರದೇಶಗಳು ಆ ಕಡೆಗೆ ಹೆಚ್ಚು ವಾಲಿದ್ದವು. ಹೊರದೇಶದ ಸರಕಿನಿಂದ ಬಂದ ಪೆಟ್ಟನ್ನು ಹೊರಗಿನಿಂದ ಬಂದ ಮನುಷ್ಯರ ಮೇಲೆ ತಿರುಗಿಸುವುದು ಅಲ್ಲೂ ಸುಲಭವಾಗಿತ್ತು.

ಈಗ ರೇಷ್ಮೆ ಗೂಡಿನ ಪೇಟೆಯಾದ ಶಿಡ್ಲಘಟ್ಟಕ್ಕೆ ಬರೋಣ. ಚೀನಾ ರೇಷ್ಮೆ ಎಂದ ಕೂಡಲೇ ಚಪ್ಪಾಳೆ ಬೀಳುತ್ತದೆ ಎಂಬುದು ನಿಮಗೆ ಗೊತ್ತು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. 2013ರಲ್ಲಿ ಅದು ಶೇ 15 ಆಯಿತು. ಮತ್ತೆ ಶೇ 10ಕ್ಕೆ ಇಳಿದು, 2021ರ ಬಜೆಟ್ಟಿನಲ್ಲಿ ಇನ್ನೊಮ್ಮೆ ಶೇ 15 ಆಯಿತು. ಇಳಿಸಿದ್ದೂ ಏರಿಸಿದ್ದೂ ಬೇರೆ ಬೇರೆ ಪಕ್ಷಗಳ ಸರ್ಕಾರಗಳು. ಈ ಅಂಕಿಗಳು ಗೂಡಿನ ಬೆಲೆಗೆ ಹೇಗೆ ಇಳಿಯುತ್ತವೆ ಎಂದು ಒಮ್ಮೆ ಗುಣಿಸಿ ನೋಡಿ.

ಮಿಶ್ರತಳಿ (ಕ್ರಾಸ್‌ಬ್ರೀಡ್) ಗೂಡಿನಲ್ಲಿ ಒಂದು ಕಿಲೋ ನೂಲಿಗೆ ಏಳೂವರೆ ಕಿಲೋ ಗೂಡು ಎಂದು ಹಿಡಿಯಿರಿ. ಮಾರುಕಟ್ಟೆಯಲ್ಲಿ ರೆಂಡಿಟ್ಟ ಎನ್ನುವುದು ಇದನ್ನೇ. ಕಿಲೋಗೆ 1,500 ರೂ. ಬೆಲೆಯ ಹೊರದೇಶದ ನೂಲು ಬಂದರೆ, ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಅದು 375 ರೂ. ಅಗ್ಗವಾಗುತ್ತದೆ. ಗೂಡಿನಿಂದ ನೂಲು ಬಿಚ್ಚುವ ರೀಲರ್ ತನ್ನ ನೂಲಿನ ದರವನ್ನೂ ಅಷ್ಟೇ ಇಳಿಸಬೇಕಾಗಿ ಬಂದರೆ, ಸೌದೆ, ನೀರು, ಕೂಲಿಯಲ್ಲಿ ಕಡಿತ ಮಾಡಲು ಅವನಿಗೆ ಜಾಗವಿಲ್ಲ. ಗೂಡಿನಲ್ಲೇ ಇಳಿಸಬೇಕು. 375ನ್ನು ಏಳೂವರೆಯಿಂದ ಭಾಗಿಸಿದರೆ ಕಿಲೋ ಗೂಡಿಗೆ 50 ರೂ. ನೂರು ಮೊಟ್ಟೆ (ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ ಗುಂಪು) ಸಾಕಿ 70 ಕಿಲೋ ಗೂಡು ತೆಗೆದ ಮನೆಗೆ ಒಂದು ಬೆಳೆಗೆ 3,500 ರೂ. ಹೊಡೆತ. ವರ್ಷಕ್ಕೆ ಐದು ಬೆಳೆ ತೆಗೆಯುವವರಿಗೆ 17,500 ರೂ. ಇದು ಪೂರ್ತಿ ಹೊಡೆತ ಕೆಳಗಿಳಿದರೆ ಆಗುವ ಮೊತ್ತ. ನಿಜದಲ್ಲಿ ಅದರ ಒಂದು ಪಾಲನ್ನು ರೀಲರ್ ನುಂಗುತ್ತಾನೆ, ಇನ್ನೊಂದು ಪಾಲನ್ನು ನೇಕಾರನ ಸಾಲದ ಲೆಕ್ಕ ನುಂಗುತ್ತದೆ.

ಹಾಗಾದರೆ ಸುಂಕವನ್ನು ಮತ್ತೆ ಶೇ 30ಕ್ಕೆ ಏರಿಸಿ ಎಂಬುದೇ ಉತ್ತರವೇ? ಧರ್ಮಾವರದಲ್ಲಿ, ಕಾಂಚೀಪುರದಲ್ಲಿ, ವಾರಾಣಸಿಯಲ್ಲಿ ಮಗ್ಗದ ಮುಂದೆ ಕೂತವರನ್ನೂ ಕೇಳಬೇಕು. ಸೀರೆಯ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆ, ಕೊನೆಯವರೆಗೂ ಒಂದೇ ದಪ್ಪ ಇರಬೇಕು, ಬಿಗಿ ತಡೆಯಬೇಕು. ಎಳೆ ಕಡಿದಷ್ಟು ಸಲ ಮಗ್ಗ ನಿಲ್ಲುತ್ತದೆ. ಚರಕದಲ್ಲಿ ಬಿಚ್ಚಿದ ಮಿಶ್ರತಳಿ ನೂಲು ಅಡ್ಡದ ಹೊಕ್ಕು ನೂಲಿಗೆ ಚೆನ್ನ, ಹಾಸು ನೂಲಿಗೆ ಕಷ್ಟ. ಅದಕ್ಕೇ ನೇಕಾರ ಚೀನಾ ನೂಲನ್ನೋ ಒಳ್ಳೆಯ ದ್ವಿತಳಿ (ಬೈವೋಲ್ಟೀನ್) ನೂಲನ್ನೋ ಹುಡುಕುತ್ತಾನೆ. ಅವನೂ ‘ಜನ’ವೇ. ಒಂದೇ ಸುಂಕ ಅವನಿಗೆ ಖರ್ಚು, ಶಿಡ್ಲಘಟ್ಟದ ಬೆಳೆಗಾರನಿಗೆ ಆಸರೆ. ಈ ಇಬ್ಬರ ನಡುವೆ ಎಲ್ಲಿ ಗೆರೆ ಎಳೆಯುತ್ತೀರಿ ಎಂದು ಹೇಳುವುದೇ ರಾಜಕಾರಣ. ಚೀನಾವನ್ನು ಬೈಯುವುದರಿಂದ ಆ ಗೆರೆ ಎಳೆದಂತಾಗುವುದಿಲ್ಲ.

ದೀರ್ಘ ದಾರಿ ಎಲ್ಲರಿಗೂ ಗೊತ್ತು: ದ್ವಿತಳಿ ಗೂಡು, ಸ್ವಯಂಚಾಲಿತ ಬಿಚ್ಚಣಿಕೆ ಯಂತ್ರ. ಆದರೆ ಒಟ್ಟಿಗೆ 400 ಎಳೆ ಬಿಚ್ಚುವ, 400 ಎಂಡ್ ಎನ್ನುವ ಯಂತ್ರ ಒಂದಕ್ಕೆ ದಿನಕ್ಕೆ ಸುಮಾರು 400 ಕಿಲೋ ಒಂದೇ ಗುಣಮಟ್ಟದ ದ್ವಿತಳಿ ಗೂಡು ಬೇಕು. ದ್ವಿತಳಿ ಹುಳುವಿಗೆ ಬೇಸಿಗೆಯ ಸೆಕೆ ಆಗುವುದಿಲ್ಲ. ಹುಳು ಮನೆಯ ಮಾಡು ಶೀಟಿನದ್ದಾಗಿದ್ದರೆ, ಏಪ್ರಿಲ್‌ನಲ್ಲಿ ಸೊಪ್ಪಿಗೆ ನೀರು ಸಾಲದಿದ್ದರೆ ಸಪ್ಪೆ ರೋಗ ಬಂದು, ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಚಂದ್ರಿಕೆ ಖಾಲಿ. ಹಾಗಾಗಿ ಯಂತ್ರಕ್ಕೆ ಸಬ್ಸಿಡಿ ಘೋಷಿಸಿ ಹುಳು ಮನೆಯನ್ನೂ ಹಿಪ್ಪುನೇರಳೆಗೆ ನೀರನ್ನೂ ಬಿಟ್ಟುಬಿಟ್ಟರೆ ಯಂತ್ರ ಗೂಡಿಲ್ಲದೆ ನಿಲ್ಲುತ್ತದೆ. ರಫ್ತಿನ ಹೆಸರಲ್ಲಿ ಸುಂಕವಿಲ್ಲದೆ ತರಿಸಿದ ನೂಲು ಒಳಪೇಟೆಗೆ ಸೋರುವುದನ್ನು ತಡೆಯುವುದು ಕಸ್ಟಮ್ಸ್‌ನವರ ಕೆಲಸ. ಅದಕ್ಕೆ ಸಂಸತ್ತಿನಲ್ಲಿ ಪ್ರಶ್ನೆ ಕೇಳಬೇಕು, ಶಿಡ್ಲಘಟ್ಟದ ಸರ್ಕಲ್ಲಿನಲ್ಲಿ ಪ್ರತಿಕೃತಿ ಸುಟ್ಟರೆ ಆಗುವುದಿಲ್ಲ.

ಜನ ಒಂದೇ ಎಂಬ ಮಾತು ಹೆಚ್ಚು ಬೆತ್ತಲಾಗುವುದು ತರಕಾರಿ ಪೇಟೆಯಲ್ಲಿ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಆ ದರ ಕಂಡವರು ಕೆಲವರೇ, ಎಲೆ ಮುದುರು ರೋಗದಲ್ಲಿ ಬೆಳೆ ಕಳೆದುಕೊಂಡವರು ಅದಕ್ಕಿಂತ ಹೆಚ್ಚು. ಕೇಂದ್ರ ಸರ್ಕಾರ ಸಹಕಾರಿ ಸಂಸ್ಥೆಗಳ ಮೂಲಕ ಇಲ್ಲಿಂದಲೂ ಕೊಂಡು ದೆಹಲಿಯಲ್ಲಿ ಕಿಲೋಗೆ 90ಕ್ಕೆ, ಆಮೇಲೆ 80ಕ್ಕೆ, 70ಕ್ಕೆ ಮಾರಿಸಿತು. ಆಗಸ್ಟ್‌ನಲ್ಲಿ ನೇಪಾಳದಿಂದ ಟೊಮೆಟೊ ತರಿಸುವುದಾಗಿ ಸಂಸತ್ತಿನಲ್ಲೇ ಹೇಳಿತು. ಸಸಿ ನಾಟಿ ಮಾಡಿದ ಎರಡು ತಿಂಗಳು ಚಿಲ್ಲರೆ ದಿನಕ್ಕೆ ಮೊದಲ ಕೊಯ್ಲು. ಜುಲೈ ದರ ನೋಡಿ ನಾಟಿ ಮಾಡಿದವರ ಕಾಯಿ ಸೆಪ್ಟೆಂಬರ್‌ಗೆ ಒಟ್ಟಿಗೆ ಬಂತು, ಬೆಲೆ ನೆಲಕಚ್ಚಿತು. ಆಗ ದೆಹಲಿಯಿಂದ ಯಾವ ವ್ಯಾನೂ ಬರಲಿಲ್ಲ. ನಗರದ ಗೃಹಿಣಿಗೂ ಕೋಲಾರದ ರೈತನಿಗೂ ಒಂದೇ ಭಾಷಣದಲ್ಲಿ ಜಯ ಸಿಗುವುದಿಲ್ಲ ಎಂದು ಒಪ್ಪಿಕೊಂಡರೆ ಮಾತು ಮುಂದುವರಿಯುತ್ತದೆ.

ಪ್ರತಿ ಕುಸಿತದ ನಂತರ ನೀವು ಕೊಡುವ ಭರವಸೆ ಟೊಮೆಟೊ ಸಂಸ್ಕರಣಾ ಘಟಕ. ಇದರ ಲೆಕ್ಕವನ್ನೂ ನೋಡಿ. ಇಲ್ಲಿ ಬೆಳೆಯುವುದು ದೂರದ ಲಾರಿ ಪ್ರಯಾಣ ತಡೆಯುವ ಗಟ್ಟಿ ಸಿಪ್ಪೆಯ ಹೈಬ್ರಿಡ್. ಅದರಲ್ಲಿ ಕರಗುವ ಘನಾಂಶ ಶೇ 4ರಿಂದ 4.5ರಷ್ಟು. ಪೇಸ್ಟ್ ಶೇ 28ರಷ್ಟು ಗಟ್ಟಿ ಇರಬೇಕು. ಹಾಗಾಗಿ ಕಿಲೋ ಪೇಸ್ಟಿಗೆ ಆರು ಏಳು ಕಿಲೋ ಹಣ್ಣು ಬೇಕು. ಹಣ್ಣು 10 ರೂ. ಆದರೆ ಬರೀ ಹಣ್ಣಿಗೇ 60, 70 ರೂ., ಅದರ ಮೇಲೆ ಉಗಿ, ಕರೆಂಟು, ಡ್ರಮ್ಮು, ಬಡ್ಡಿ. ಯಂತ್ರದಲ್ಲೇ ಕೊಯ್ಯುವ, ಪೇಸ್ಟಿಗೆಂದೇ ಬೆಳೆದ ತಳಿಯ ಚೀನಾ ಪೇಸ್ಟಿನ ಎದುರು ಅದು ನಿಲ್ಲುವುದು ಹಣ್ಣು ಮೂರು ನಾಲ್ಕು ರೂಪಾಯಿಗೆ ಸಿಕ್ಕಾಗ ಮಾತ್ರ. ಆ ದರಕ್ಕೆ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಘಟಕ ಬೇಡವೆಂದಲ್ಲ. ಮಾವಿನ ತಿರುಳು ಮೂರು ತಿಂಗಳು, ಸೀಬೆ, ಪರಂಗಿ, ಟೊಮೆಟೊ ಉಳಿದ ತಿಂಗಳು ಎಂದು ವರ್ಷವಿಡೀ ಓಡುವಂತೆ ಯೋಜಿಸಿದರೆ, ಪೇಸ್ಟಿನ ತಳಿಯನ್ನು ಒಪ್ಪಂದದ ಮೇಲೆ ಬೆಳೆಸಿದರೆ ಉಳಿಯುತ್ತದೆ. ಇಲ್ಲದಿದ್ದರೆ ಶಂಕುಸ್ಥಾಪನೆಯ ಕಲ್ಲು ಮಾತ್ರ ಉಳಿಯುತ್ತದೆ.

ಗುಲಾಬಿ ಈರುಳ್ಳಿಯ ವಿಷಯವಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ, 2015ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ಗುಲಾಬಿ ಈರುಳ್ಳಿ ಚಿಕ್ಕದು, ಕಡು ಕೆಂಪು, ಘಾಟು ಜಾಸ್ತಿ. ನಮ್ಮ ಅಡುಗೆಮನೆಗಳಲ್ಲಿ ಅದಕ್ಕೆ ಗಿರಾಕಿ ಇಲ್ಲ, ಹೋಗುವುದೆಲ್ಲ ಮಲೇಷ್ಯಾ, ಸಿಂಗಪುರದಂಥ ದೇಶಗಳಿಗೆ. ಆದರೂ ದೆಹಲಿಯಲ್ಲಿ ನಾಸಿಕ್ ಈರುಳ್ಳಿ ದುಬಾರಿಯಾದಾಗಲೆಲ್ಲ ಇದರ ರಫ್ತಿಗೂ ಬೀಗ. 2019ರ ಸೆಪ್ಟೆಂಬರ್‌ನಲ್ಲಿ ನಿಷೇಧ, ಅಕ್ಟೋಬರ್ ಕೊನೆಗೆ ಚೆನ್ನೈ ಬಂದರಿನಿಂದ ಮಾತ್ರ 9,000 ಟನ್‌ಗೆ ಅನುಮತಿ. 2020ರಲ್ಲಿ ಮತ್ತೆ ಅದೇ ಆಟ. 2023ರ ಆಗಸ್ಟ್ 19ಕ್ಕೆ ಶೇ 40 ರಫ್ತು ಸುಂಕ, ಸೆಪ್ಟೆಂಬರ್ 29ಕ್ಕೆ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ತಂದರೆ ವಿನಾಯಿತಿ. ಆ ನಲವತ್ತು ದಿನಗಳಲ್ಲಿ ಕಿತ್ತ ಗಡ್ಡೆ ಯಾರಿಗೂ ಕಾಯುವುದಿಲ್ಲ. ರಫ್ತಿನ ನಿಯಮದಲ್ಲಿ ಈ ಈರುಳ್ಳಿಗೆ ಶಾಶ್ವತವಾಗಿ ವಿನಾಯಿತಿ ಬರೆದಿಟ್ಟರೆ ಪ್ರತಿ ಸಲ ಸಂಸದರು ದೆಹಲಿಗೆ ಓಡಿ, ಫೋಟೊ ತೆಗೆಸಿಕೊಂಡು, ‘ಅನುಮತಿ ತಂದೆವು’ ಎಂದು ಫ್ಲೆಕ್ಸ್ ಹಾಕುವ ಅಗತ್ಯ ಬೀಳುವುದಿಲ್ಲ. ಬಹುಶಃ ಅದೇ ತೊಡಕು.

ಜನರ ಸಿಟ್ಟು ಯಾವಾಗಲೂ ದಾರಿ ತಪ್ಪಿದ್ದೆಂದು ನಾವು ಹೇಳುತ್ತಿಲ್ಲ. 2019ರ ನವೆಂಬರ್ 4ರಂದು ಭಾರತ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಸುಂಕವಿಲ್ಲದೆ ಬಂದರೆ ಎರಡು ಹಸು ಕಟ್ಟಿದವರ ಗತಿ ಏನು ಎಂದು ಹಾಲು ಉತ್ಪಾದಕರು ಎತ್ತಿದ ಪ್ರಶ್ನೆಗೆ ಅದರಲ್ಲಿ ದೊಡ್ಡ ಪಾಲಿದೆ. ಆ ಹೋರಾಟಕ್ಕೆ ಸಂಘದ ಲೆಕ್ಕಪತ್ರ ಬೆನ್ನಿಗಿತ್ತು: ಲೀಟರಿಗೆ ಎಷ್ಟು, ಮೇವಿಗೆ ಎಷ್ಟು, ಪುಡಿ ಯಾವ ದರಕ್ಕೆ ಬಂದಿಳಿಯುತ್ತದೆ. ಇದಕ್ಕೆ ಹೋಲಿಸಿದರೆ 2023ರ ಚುನಾವಣೆಗೆ ಮುನ್ನ ನಡೆದ ನಂದಿನಿ–ಅಮುಲ್ ಜಗಳ ಬರೀ ಬಣ್ಣದ ಆಟ. ಆ ಹಂಗಾಮಿನಲ್ಲಿ ಚರ್ಮಗಂಟು ರೋಗಕ್ಕೂ ಮೇವಿನ ಬೆಲೆಗೂ ಸಿಕ್ಕಿ ಡೇರಿಗೆ ಬರುವ ಹಾಲೇ ಕಡಿಮೆಯಾಗಿತ್ತು. ಅದರ ಬಗ್ಗೆ ವೇದಿಕೆಯಿಂದ ಕೇಳಿಬಂದದ್ದು ಕಡಿಮೆ.

ಉದ್ಯೋಗದ ಮಾತು. 2020ರ ಡಿಸೆಂಬರ್ 12ರಂದು ನರಸಾಪುರದ ಐಫೋನ್ ಜೋಡಣೆ ಕಾರ್ಖಾನೆಯಲ್ಲಿ ಗಲಭೆ ನಡೆಯಿತು. ಹುಡುಗರು ಕಿಡಿಗೇಡಿಗಳು ಎಂದು ಒಂದು ಪಕ್ಷ, ವಿದೇಶಿ ಕಂಪನಿ ರಕ್ತ ಹೀರುತ್ತದೆ ಎಂದು ಇನ್ನೊಂದು ಪಕ್ಷ. ಮೂಲದಲ್ಲಿದ್ದದ್ದು ಸಂಬಳದ ಲೆಕ್ಕ. ಕಾರ್ಖಾನೆ ಒಂದು, ಆಳು ಪೂರೈಸುವ ಏಜೆನ್ಸಿಗಳು ಹಲವು. ಹಾಜರಾತಿ ಒಂದು ಕಡೆ, ಸಂಬಳ ಇನ್ನೊಂದು ಕಡೆ, ಓವರ್‌ಟೈಮ್ ಮೂರನೆಯ ಕಡೆ. ಹಣ ಕಡಿಮೆ ಬಂದವನು ಕಂಪನಿಯನ್ನು ಕೇಳಿದರೆ ಏಜೆನ್ಸಿಯನ್ನು ತೋರಿಸುತ್ತಾರೆ, ಏಜೆನ್ಸಿಯನ್ನು ಕೇಳಿದರೆ ಕಂಪನಿಯ ಹಾಜರಾತಿ ಪಟ್ಟಿಯನ್ನು ತೋರಿಸುತ್ತಾರೆ. ಊರು ಸುಟ್ಟರೂ ಹನುಮಪ್ಪ ಹೊರಗೆ. ಕಾರ್ಖಾನೆ ಇಲಾಖೆಯ ತಪಾಸಣೆಯಲ್ಲೂ ಲೋಪಗಳು ಕಂಡುಬಂದವು, ಕಂಪನಿಯೇ ಕ್ಷಮೆ ಕೇಳಿತು.

ಇದರಿಂದ ಕಲಿಯಬೇಕಾದದ್ದು ಸಂಬಳ ಚೀಟಿ, ಪಿಎಫ್ ಪಾಸ್‌ಬುಕ್, ಏಜೆನ್ಸಿಯ ಪರವಾನಗಿ ಪರಿಶೀಲನೆ. ನಮಗೆ ಸಿಕ್ಕಿದ್ದು 2024ರ ಜುಲೈನ ಮಸೂದೆ: ಖಾಸಗಿ ಸಂಸ್ಥೆಗಳಲ್ಲಿ ಆಡಳಿತದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ. ಸಂಪುಟ ಒಪ್ಪಿದ ಎರಡೇ ದಿನಕ್ಕೆ, ಉದ್ಯಮಿಗಳ ಗಲಾಟೆಗೆ ಹೆದರಿ, ತಡೆಹಿಡಿಯಲಾಯಿತು. ಹರಿಯಾಣದ ಇಂಥದೇ ಶೇ 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲೇ ರದ್ದು ಮಾಡಿತ್ತು. ಮಸೂದೆ ಬರೆದವರಿಗೆ ಅದು ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ. ಕನ್ನಡದ ಮಕ್ಕಳಿಗೆ ಕೆಲಸ ಸಿಗಬೇಕೆಂಬ ಬೇಡಿಕೆ ನ್ಯಾಯವಾದದ್ದು. ನರಸಾಪುರ, ವೇಮಗಲ್ ಕಡೆ ಇವತ್ತು ಅದಕ್ಕೆ ಬೇಕಿರುವುದು ಸುರಕ್ಷಿತ ಹಾಸ್ಟೆಲ್, ಶಿಫ್ಟಿನ ಹೊತ್ತಿಗೆ ಬಸ್ಸು, ಅಲ್ಲಿನ ಯಂತ್ರಕ್ಕೆ ಹೊಂದುವ ಐಟಿಐ ಕೋರ್ಸು, ಆರಾರು ತಿಂಗಳಿಗೆ ಏಜೆನ್ಸಿ ಬದಲಾಗಿ ಸೇವಾವಧಿ ಮುರಿಯದಂತೆ ನೋಡುವ ಕಾರ್ಮಿಕ ಅಧಿಕಾರಿ. ಒಡಿಶಾದ ಹುಡುಗಿಯನ್ನು ವಾಪಸ್ ಕಳಿಸುವುದರಿಂದ ಇವುಗಳಲ್ಲಿ ಒಂದೂ ಬರುವುದಿಲ್ಲ.

ಅಂದಹಾಗೆ, 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ 50 ಸುಂಕ ಹಾಕಿದಾಗ ಸ್ಮಾರ್ಟ್‌ಫೋನ್ ಪಟ್ಟಿಯಿಂದ ಹೊರಗಿತ್ತು. ಈ ಭಾಗದ ಒಪ್ಪಂದ ಬೇಸಾಯದ ಮಿಡಿಸೌತೆಗೆ ಆ ಅದೃಷ್ಟ ಇರಲಿಲ್ಲ. ಅಲ್ಲಿನ ಜನರಂಜನೆಯ ರಾಜಕಾರಣದ ಖರ್ಚಿನ ಬಿಲ್ ಇಲ್ಲಿನ ಹೊಲಕ್ಕೆ ಬಂತು.

ಕೆಜಿಎಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಆ ವರ್ಷ 10 ಗ್ರಾಂ ಚಿನ್ನಕ್ಕೆ ಸುಮಾರು 4,300 ರೂ., 2025ರಲ್ಲಿ ಅದು ಲಕ್ಷ ದಾಟಿತು. ಹಾಗಾಗಿ ಗಣಿ ತೆರೆಸುತ್ತೇವೆ ಎಂಬ ಮಾತು ಪ್ರತಿ ಚುನಾವಣೆಯಲ್ಲೂ ಓಡುತ್ತದೆ. ಮೂರು ಕಿಲೋಮೀಟರಿಗೂ ಆಳದ, ನೀರು ತುಂಬಿದ ಸುರಂಗ ತೆರೆಯುವುದು ಒಂದು ಕೆಲಸ. ಮೇಲಿನ ಸೈನೈಡ್ ದಿಬ್ಬಗಳ ಮಣ್ಣನ್ನು ಮತ್ತೆ ಸಂಸ್ಕರಿಸುವುದು ಬೇರೆಯೇ ಕೆಲಸ, ಅದಕ್ಕೆ ಬೇಕಾಗುವ ಕೈಗಳು ತೀರಾ ಕಡಿಮೆ. ಯಾವುದರ ಬಗ್ಗೆ ಹೇಳುತ್ತಿದ್ದೀರಿ, ಎಷ್ಟು ಜನಕ್ಕೆ ಕೆಲಸ, ದಿಬ್ಬದ ದೂಳು ಯಾರ ಮನೆಗೆ ಎಂದು ಸ್ಪಷ್ಟ ಹೇಳಿ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗುವ ಮಕ್ಕಳಿಗೆ ಸುಳ್ಳು ಆಸೆ ಹುಟ್ಟಿಸಬೇಡಿ.

ಇಷ್ಟೆಲ್ಲ ಸಾಧ್ಯವಾಗುವುದಕ್ಕೆ ಒಂದು ಕಾರಣ ನಡುವಿನ ಸಂಸ್ಥೆಗಳು ಸೊರಗಿರುವುದು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಗೂಡಿನ ದರ, ತಿರುಳಿನ ದಾಸ್ತಾನು, ಹಾಸ್ಟೆಲ್ಲಿನ ನೀರು ಚರ್ಚೆಯಾಗಬೇಕಿದ್ದ ಮೇಜು ಖಾಲಿ ಇದ್ದಾಗ, ನಾಯಕನ ರೀಲ್ಸು ನೇರವಾಗಿ ಮತದಾರನ ಫೋನಿಗೆ ಬರುತ್ತದೆ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಪ್ರತಿ ಫೆಬ್ರುವರಿಯಲ್ಲಿ, ಮಾವು ಇನ್ನೂ ಹೂವಿನಲ್ಲಿರುವಾಗಲೇ, ಚಿತ್ತೂರು, ಕೃಷ್ಣಗಿರಿ, ಕೋಲಾರದ ಕಾರ್ಖಾನೆಗಳಲ್ಲಿ ಉಳಿದಿರುವ ತಿರುಳಿನ ದಾಸ್ತಾನನ್ನು ಮೂರು ರಾಜ್ಯಗಳ ತೋಟಗಾರಿಕೆ ಇಲಾಖೆಗಳು ಸೇರಿ ಪ್ರಕಟಿಸಲಿ. ದಾಸ್ತಾನು ಹೆಚ್ಚಿದ್ದರೆ ಬೆಲೆ ವ್ಯತ್ಯಾಸ ಯೋಜನೆಗೆ ಏಪ್ರಿಲ್‌ನಲ್ಲೇ ಅರ್ಜಿ ಹೋಗಲಿ, ಫ್ರೂಟ್ಸ್ ನೋಂದಣಿ ತಿದ್ದುಪಡಿಗೆ ಹೋಬಳಿ ಮಟ್ಟದಲ್ಲಿ ಶಿಬಿರ ನಡೆಯಲಿ, ಫಸಲು ಗುತ್ತಿಗೆಗೆ ಒಂದು ಪುಟದ ಕರಾರು ನಮೂನೆ ಬರಲಿ. ಗೂಡಿನ ಮಾರುಕಟ್ಟೆಯ ದರಪಟ್ಟಿಯ ಪಕ್ಕದಲ್ಲೇ ಅಂದಿನ ಆಮದು ನೂಲಿನ ಬಂದಿಳಿದ ಬೆಲೆ ಮತ್ತು ಸುಂಕ ಬರೆದು ಹಾಕಲಿ. ಬೆಲೆ ಕುಸಿದಾಗ ರೀಲರ್ ನೂಲು ಅಡವಿಟ್ಟು ಸಾಲ ಪಡೆಯುವಂತೆ ರೇಷ್ಮೆ ಮಾರಾಟ ಮಂಡಳಿಗೆ ಸಾಕಷ್ಟು ಬಂಡವಾಳ ಇರಲಿ. ಇಲ್ಲದಿದ್ದರೆ ಅವನು ಮರುದಿನ ಹರಾಜಿಗೆ ಬರುವುದಿಲ್ಲ, ಗೂಡು ಕೇಳುವವರಿಲ್ಲ. ಕೈಗಾರಿಕಾ ಪ್ರದೇಶದ ಪ್ರತಿ ಕಾರ್ಖಾನೆಯ ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಯಾವ ಏಜೆನ್ಸಿ ಎಂಬ ಪಟ್ಟಿ ಗೇಟಿನಲ್ಲಿ ಕನ್ನಡದಲ್ಲಿ ಇರಲಿ.

ಇನ್ನೊಂದು ಮಾತು ನಿಮ್ಮ ಭಾಷಣಕ್ಕೆ ಸಂಬಂಧಿಸಿದ್ದು. ಮುಂದಿನ ಸಲ ಬೆಲೆ ಬಿದ್ದಾಗ ಯಾವ ರಾಜ್ಯದ, ಯಾವ ದೇಶದ, ಯಾವ ಧರ್ಮದ ಹೆಸರು ಹೇಳುತ್ತೀರೋ ಹೇಳಿ, ಆದರೆ ಅದರ ಜೊತೆಗೆ ಮೂರು ಅಂಕಿಗಳನ್ನೂ ಹೇಳಿ: ಅವರಿಂದ ಕಿಲೋಗೆ ಎಷ್ಟು ರೂಪಾಯಿ ನಷ್ಟವಾಯಿತು, ನೀವು ಕೇಳುವ ಕ್ರಮದಿಂದ ಎಷ್ಟು ವಾಪಸ್ ಬರುತ್ತದೆ, ಅದರ ಖರ್ಚು ಬೇರೆ ಯಾರ ತಲೆಗೆ ಬೀಳುತ್ತದೆ. ಇದೇ ಮೂರು ಪ್ರಶ್ನೆಗಳನ್ನು ಜಿಲ್ಲೆಯ ಕೆಲಸಗಳನ್ನು ಪರಿಶೀಲಿಸುವ ಮುಂದಿನ ತ್ರೈಮಾಸಿಕ ಕೆಡಿಪಿ ಸಭೆಯಲ್ಲಿ ಮಾವು, ಗೂಡು, ಈರುಳ್ಳಿ ಮೂರರ ಬಗ್ಗೆಯೂ ಎತ್ತಿ, ಅಧಿಕಾರಿಗಳ ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಡಾವಳಿಯ ಪ್ರತಿಗೆ ನಾವು ಅರ್ಜಿ ಹಾಕುತ್ತೇವೆ, ಸಿಕ್ಕಿದ್ದನ್ನು ಎಪಿಎಂಸಿಯ ಹರಾಜು ಕಟ್ಟೆಯಲ್ಲೂ ಗೂಡಿನ ಮಾರುಕಟ್ಟೆಯ ಬಾಗಿಲಲ್ಲೂ ಅಂಟಿಸುತ್ತೇವೆ.

ಇತಿ,
ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆಲವು ಬೆಳೆಗಾರರು, ರೀಲರುಗಳು, ಕಾರ್ಮಿಕ ಕಾನೂನು ಬಲ್ಲವರು